ಸಾವಿನ ಮನೆಯ ಗಂಜಿಗೆ ಒಂದೇ ಸ್ಟಾರ್

ಇವರಿಗೆ,
ಮಾನ್ಯ ಮುಖ್ಯಸ್ಥರು,
ಜಾಗಗಳ ಪಟ್ಟಿ ಮತ್ತು ಅಭಿಪ್ರಾಯ ವಿಭಾಗ,
'ಅಗ್ಗದ ಹಾದಿ' ಪ್ರವಾಸ ಆ್ಯಪ್ ಕಂಪನಿ.
(ವಿಳಾಸ ಎಷ್ಟು ಹುಡುಕಿದರೂ ಸಿಗದ ಕಾರಣ ಬಹಿರಂಗವಾಗಿ)

ಇವರಿಂದ,
ಉರೈವನ್, ನಿವೃತ್ತ ಬೆರಳಚ್ಚುಗಾರ್ತಿ, ತಾಲೂಕು ಕಚೇರಿ,
ಥಾ ಮಖಾಮ್ ಊರು, ನಾನ್ ನದಿಯ ಎಡದಂಡೆ.

ವಿಷಯ: ತಮ್ಮ ಪಟ್ಟಿಯಲ್ಲಿ 'ದಿನನಿತ್ಯದ ಉಚಿತ ಊಟದ ಜಾಗ' ಎಂದು ಸೇರಿಸಲಾಗಿರುವ ನಮ್ಮ ದೊಡ್ಡಮ್ಮನ ಅಂತ್ಯಕ್ರಿಯೆಯ ಕುರಿತು.

ಮಾನ್ಯರೇ,

ತಾವು ಕ್ಷೇಮ, ತಮ್ಮ ಸಿಬ್ಬಂದಿ ಕ್ಷೇಮ, ಸಿಬ್ಬಂದಿಯ ಬದಲಿಗೆ ಅಲ್ಲಿ ಯಂತ್ರಗಳೇ ಇದ್ದರೆ ಅವುಗಳ ತಂತಿಗಳೂ ಕ್ಷೇಮ ಎಂದು ನಂಬಿ, ಇಲ್ಲಿ ನಾವೂ, ತಮ್ಮ ಕೃಪೆಯಿಂದ ಸಂಜೆಯ ರೈಲಿಗೆ ಬಂದಿಳಿಯುವ ತಮ್ಮ ಬಳಕೆದಾರರೂ ಉಂಡುಟ್ಟು ಚೆನ್ನಾಗಿದ್ದೇವೆಂದು ತಿಳಿಸುತ್ತಾ, ಎರಡೂ ಕೈ ಜೋಡಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ಪತ್ರಗಳನ್ನು ಮೂರು ಮೂರು ಪ್ರತಿಗಳಲ್ಲಿ ಬೆರಳಚ್ಚು ಮಾಡಿದವಳಾದ್ದರಿಂದ, ಪತ್ರವೆಂದರೆ ಅದನ್ನು ಒಡೆದು ಓದುವ ಒಬ್ಬ ಮನುಷ್ಯ ಎಲ್ಲೋ ಇರುತ್ತಾನೆಂಬ ಹಳೆಯ ಮೂಢನಂಬಿಕೆ ನನಗಿನ್ನೂ ಹೋಗಿಲ್ಲ. ತಮ್ಮ ಆ್ಯಪ್‌ನಲ್ಲಿ ದೂರು ಕೊಡುವ ಕಡೆ ನಗುವ ಮುಖದ ಗುಂಡಿಯೊಂದು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಇದರ ಒಂದು ಪ್ರತಿಯನ್ನು ನಮ್ಮ ಜಿಲ್ಲೆಯ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ, ಇನ್ನೊಂದನ್ನು ರೈಲು ನಿಲ್ದಾಣದ ಫಲಕಕ್ಕೆ ಅಂಟಿಸುತ್ತಿದ್ದೇನೆ, ಮೂರನೆಯದನ್ನು ರೂಢಿಯಂತೆ ಕಡತಕ್ಕೆ ಸೇರಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಉಪಕಾರವನ್ನು ನೆನೆಯದಿದ್ದರೆ ಕೃತಘ್ನಳಾಗುತ್ತೇನೆ. ವೇಗದ ರೈಲುಗಳು ನಮ್ಮೂರಿನಲ್ಲಿ ನಿಲ್ಲುವುದಿಲ್ಲ, ನಿಧಾನದ ರೈಲುಗಳೂ ಚಾಲಕನಿಗೆ ಇಷ್ಟವಾದರೆ ಮಾತ್ರ ನಿಲ್ಲುತ್ತವೆ. ಊರೆಂದರೆ ಒಂದು ಬೌದ್ಧ ವಿಹಾರ, ಒಂದು ಮಾರುಕಟ್ಟೆ, ನದಿಯ ಮೇಲೆ ತೇಲುವ ಅರವತ್ತು ತೆಪ್ಪದ ಮನೆಗಳು, ಮೊಳೆ ಬೀಗ ಮಾರುವ ಅಂಗಡಿಯ ಮಹಡಿಯಲ್ಲಿ ನಾಲ್ಕು ಕೋಣೆಯ ತಂಗುದಾಣ, ಅಷ್ಟೇ. ಇಲ್ಲಿ ನೋಡುವಂಥದ್ದೇನೂ ಇಲ್ಲವೆಂದು ನಾವು ಇಷ್ಟು ಕಾಲ ನೆಮ್ಮದಿಯಿಂದಿದ್ದೆವು. 'ದಿನಕ್ಕೆ ಮುನ್ನೂರು ಬಾತ್ ಹಣದಲ್ಲಿ ಬದುಕಿ ತೋರಿಸಿ' ಎಂಬ ಸ್ಪರ್ಧೆಯನ್ನು ತಾವು ಹೂಡಿದ ಮೇಲೆ, ನೋಡುವಂಥದ್ದು ಇಲ್ಲದಿದ್ದರೇನು, ತಿನ್ನುವಂಥದ್ದು ಪುಕ್ಕಟೆ ಸಿಕ್ಕರೆ ಊರು ಸುಂದರವಾಗಿಯೇ ಕಾಣುತ್ತದೆಂಬ ಸತ್ಯ ನಮಗೆ ತಿಳಿಯಿತು. ಅದು ತಿಳಿದದ್ದು ನಮ್ಮ ಚಮೊಯ್ ದೊಡ್ಡಮ್ಮ ತೀರಿಕೊಂಡ ವಾರದಲ್ಲಿ.

ದೊಡ್ಡಮ್ಮ ಯಾರೆಂದು ತಮಗೆ ಹೇಳಬೇಕು, ಏಕೆಂದರೆ ತಮ್ಮ ಪಟ್ಟಿಯಲ್ಲಿ ಅವಳನ್ನು 'ಮಾಲೀಕರು' ಎಂದು ನಮೂದಿಸಿದ್ದೀರಿ. ಅವಳು ಯಾವುದರ ಮಾಲೀಕಳೂ ಆಗಿರಲಿಲ್ಲ. ನನ್ನ ತಾಯಿಯ ಅಕ್ಕ, ಎಪ್ಪತ್ತೆಂಟು ವರ್ಷ, ತೆಪ್ಪದ ಮನೆಯವಳು. ನಲವತ್ತೊಂದು ವರ್ಷ ಈ ಊರಿನ ಸಾವಿನ ಅಡುಗೆ ಅವಳದೇ. ನಮ್ಮಲ್ಲಿ ಯಾರಾದರೂ ಸತ್ತರೆ ಐದು ಸಂಜೆ ವಿಹಾರದ ಮಂಟಪದಲ್ಲಿ ಭಿಕ್ಷುಗಳು ಮಂತ್ರ ಹೇಳುತ್ತಾರೆ, ಬಂದವರಿಗೆಲ್ಲ ಬಿಸಿ ಗಂಜಿ ಬಡಿಸಲಾಗುತ್ತದೆ, ಆರನೆಯ ದಿನ ಮಧ್ಯಾಹ್ನ ಬೆಂಕಿಗೆ ಕೊಡಲಾಗುತ್ತದೆ. ಆ ಗಂಜಿಯ ಹಂಡೆಯ ಹಿಂದೆ ಮೋಟು ಸ್ಟೂಲಿನ ಮೇಲೆ ಕುಳಿತು, ಬಂದವರ ಮುಖ ನೋಡಿ 'ಉಂಡ್ಯಾ?' ಎಂದು ಕೇಳುತ್ತಿದ್ದವಳು ದೊಡ್ಡಮ್ಮ. ಯಾರು, ಯಾವೂರು, ಸತ್ತವರಿಗೇನಾಗಬೇಕು ಎಂದು ಕೇಳುವ ಪದ್ಧತಿ ಸಾವಿನ ಮನೆಯಲ್ಲಿ ಇಲ್ಲ. ಬರಬೇಡಿ ಎನ್ನುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಆ ಅಡುಗೆಮನೆಯಲ್ಲಿ ಅವಳದೇ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಗಂಜಿಯನ್ನು ಯಾರೂ ಹೊಗಳಕೂಡದು. ನಾನು ಹರೆಯದವಳಿದ್ದಾಗ ಒಮ್ಮೆ ಬಟ್ಟಲು ನೆಕ್ಕಿ 'ಎಷ್ಟು ರುಚಿಯಾಗಿದೆ ದೊಡ್ಡಮ್ಮಾ' ಎಂದಿದ್ದಕ್ಕೆ ಸೌಟಿನಿಂದಲೇ ಮೊಣಕೈಗೆ ಬಿಟ್ಟಿದ್ದಳು. 'ಬಾಯ್ಮುಚ್ಚೇ! ರುಚಿ ಅಂದ್ರೆ ಇನ್ನೊಂದು ಹೆಣ ಬೇಕು ಅಂದಂಗೆ. ಸುಮ್ನೆ ತಿನ್ನು' ಎಂದಿದ್ದಳು. ಎರಡನೆಯದು, ಹೆಣ ಸುಡುವ ತನಕ ಹಂಡೆಯ ತಳ ಕಾಣಬಾರದು, ಹಂಡೆಯನ್ನು ಬೋರಲು ಹಾಕುವಂತೆಯೇ ಇಲ್ಲ. ತಡವಾಗಿ ಬಂದ ಕೊನೆಯವನಿಗೂ ಒಂದು ಸೌಟು ಉಳಿದಿರಬೇಕು. ಬೋರಲು ಹಂಡೆ ಕಂಡು ಒಬ್ಬನು ಹಸಿದು ವಾಪಸಾದರೂ ಸತ್ತವರಿಗೆ ಆ ಹಸಿವು ಅಂಟಿಕೊಳ್ಳುತ್ತದೆಂದು ಅವಳ ನಂಬಿಕೆ. ನಲವತ್ತೊಂದು ವರ್ಷದಲ್ಲಿ ಅಂಥದ್ದು ಒಮ್ಮೆಯೂ ನಡೆದಿರಲಿಲ್ಲ. ಪ್ರವಾಹ ಬಂದು ಮಂಟಪದೊಳಗೆ ಮೊಣಕಾಲು ನೀರು ನಿಂತ ವರ್ಷ ಸಹ ಅವಳು ಹಂಡೆಯನ್ನು ದೋಣಿಯಲ್ಲಿಟ್ಟು ಬಡಿಸಿದ್ದಳು. ದಯವಿಟ್ಟು ಈ ಎರಡು ಕಟ್ಟಳೆಗಳನ್ನು ನೆನಪಿನಲ್ಲಿಡಿ, ಅಥವಾ ತಮ್ಮ ಯಂತ್ರಕ್ಕೆ ನೆನಪಿನಲ್ಲಿಡಲು ಹೇಳಿ.

ಅವಳು ತೀರಿಕೊಂಡ ಮೊದಲ ಸಂಜೆ, ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ ಹೊತ್ತು, ಆನೆಗಳ ಚಿತ್ರವಿರುವ ಅಗಲ ಪಾಯಿಜಾಮ ತೊಟ್ಟ ಒಬ್ಬ ಸಭ್ಯ ಗೃಹಸ್ಥರು ಮಂಟಪದೊಳಗೆ ಬಂದರು. ನಾವೆಲ್ಲ ಕಪ್ಪು ಬಟ್ಟೆಯಲ್ಲಿದ್ದೆವು. ದೊಡ್ಡಮ್ಮನ ಜೊತೆಗೆ ಇಪ್ಪತ್ತು ವರ್ಷ ತರಕಾರಿ ಹೆಚ್ಚಿದವಳು, ಎದುರು ತೆಪ್ಪದ ಸಂಫಾವ್ ಅಕ್ಕ, ಅವರನ್ನು ಕಂಡ ಕೂಡಲೇ ಬಟ್ಟಲಿಗೆ ಕೈ ಹಾಕಿದಳು.

'ಯಾರೇ ಅಕ್ಕ ಅವ್ರು?' ಎಂದು ನಾನು ಮೆಲ್ಲಗೆ ಕೇಳಿದೆ.

'ಯಾರಾದ್ರೆ ನಿಂಗೇನು? ಮುಖ ನೋಡು, ಬೆಳಗ್ಗಿಂದ ಏನೂ ತಿಂದಿಲ್ಲ ಪಾಪ. ಚಮೊಯ್ ಅಕ್ಕನ್ನ ಎಲ್ಲಿ ನೋಡಿದ್ನೋ ಏನೋ.'

'ದೊಡ್ಡಮ್ಮ ಈ ಊರು ಬಿಟ್ಟು ಎಲ್ಲಿಗೂ ಹೋದೋಳಲ್ಲ.'

'ಅವ್ನು ಬಂದಿದಾನಲ್ಲ ಇಲ್ಲಿಗೆ. ಶುಂಠಿ ಜಾಸ್ತಿ ಹಾಕು, ಮೂಗು ಸೋರ್ತಿದೆ ಅವ್ನಿಗೆ.'

ಆ ಗೃಹಸ್ಥರು ಮೂರು ಬಟ್ಟಲು ಗಂಜಿ ಕುಡಿದರು, ಮಂತ್ರ ಕೇಳಿದರು, ಕೆಲವು ಚಿತ್ರ ತೆಗೆದುಕೊಂಡರು, ಎಲ್ಲರಿಗೂ ಕೈ ಮುಗಿದು ಹೋದರು. ನಮಗೆ ಸಂತೋಷವೇ ಆಯಿತು. ಮರುದಿನ ತಮ್ಮ ಆ್ಯಪ್‌ನಲ್ಲಿ ನಮ್ಮ ಮಂಟಪ ಪ್ರಕಟವಾಯಿತು. ಆ ಬರಹವನ್ನು ನಾನು ಬಾಯಿಪಾಠ ಮಾಡಿದ್ದೇನೆ: 'ನದಿ ದಂಡೆಯ ಉಚಿತ ಸಮುದಾಯ ಭೋಜನ. ಪ್ರತಿದಿನ ಸಂಜೆ ಏಳಕ್ಕೆ. ಮೊದಲು ನಾಲ್ವರು ಗುರುಗಳಿಂದ ಗಾಯನ, ನಂತರ ಬಿಸಿ ಗಂಜಿ. ಯಾರೂ ಏನೂ ಕೇಳುವುದಿಲ್ಲ. ಫ್ಯಾನ್ ಸೌಲಭ್ಯ ಧಾರಾಳ. ಮಾಲೀಕರ ನಗುಮುಖದ ಚಿತ್ರವನ್ನು ಹೂವಿನಿಂದ ಅಲಂಕರಿಸಿದ್ದಾರೆ. ನಾನು ಹೋದಾಗ ಅವರು ಭೇಟಿಗೆ ಸಿಗಲಿಲ್ಲ.'

ಮಾನ್ಯರೇ, ಗೃಹಸ್ಥರು ಸುಳ್ಳೇನೂ ಬರೆದಿಲ್ಲ. ಫ್ಯಾನ್‌ಗಳು ನಿಜಕ್ಕೂ ಧಾರಾಳವಾಗಿದ್ದವು. ಸತ್ತವರಿಗೆ ಬಾಡಿಹೋಗುವ ಹೂಮಾಲೆ ಕೊಡುವುದಕ್ಕಿಂತ ಆಮೇಲೆ ಶಾಲೆಗೋ ಆಸ್ಪತ್ರೆಗೋ ದಾನ ಮಾಡಬಹುದಾದ ವಸ್ತು ಒಳ್ಳೆಯದೆಂದು, ಈಚೆಗೆ ನಮ್ಮ ಜನ ಟೇಬಲ್ ಫ್ಯಾನಿಗೇ ರಿಬ್ಬನ್ ಕಟ್ಟಿ, ಸುತ್ತ ಹೂ ಸಿಕ್ಕಿಸಿ ತಂದು ನಿಲ್ಲಿಸುತ್ತಾರೆ. ದೊಡ್ಡಮ್ಮನಿಗೆ ಹದಿನಾಲ್ಕು ಬಂದಿದ್ದವು. ಮಾಲೀಕರು ಭೇಟಿಗೆ ಸಿಗಲಿಲ್ಲವೆಂಬ ಮಾತಿಗೆ ಮಾತ್ರ ನನ್ನ ವಿನಯಪೂರ್ವಕ ಆಕ್ಷೇಪವಿದೆ. ಅವರು ಅಲ್ಲೇ ಇದ್ದರು, ಚಿತ್ರದ ಹಿಂದೆ, ಬಿಳಿ ಪೆಟ್ಟಿಗೆಯೊಳಗೆ, ಅಷ್ಟೊಂದು ಫ್ಯಾನುಗಳ ಎದುರು ತಣ್ಣಗೆ ಮಲಗಿದ್ದರು.

ಎರಡನೆಯ ಸಂಜೆ ಏಳು ಮಂದಿ ಬಂದರು. ಮೂರನೆಯ ಸಂಜೆ ಮೂವತ್ತು ಮೀರಿತು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲವೆಂಬುದೇ ನನ್ನ ದುಃಖ, ಇದ್ದಿದ್ದರೆ ಬೈದು ಹಗುರಾಗಬಹುದಿತ್ತು. ಚಪ್ಪಲಿಯನ್ನು ನಮಗಿಂತ ಅಚ್ಚುಕಟ್ಟಾಗಿ ಸಾಲಾಗಿ ಬಿಟ್ಟರು. ಒಬ್ಬರು ಗಂಜಿಯಲ್ಲಿ ಹಂದಿ ಮಾಂಸವಿದೆಯೇ, ಇದ್ದರೆ ಅದನ್ನು ತೆಗೆದು ಮೊದಲಿನಿಂದ ಮಾಡಿಕೊಡಲಾಗುತ್ತದೆಯೇ ಎಂದು ವಿನಯದಿಂದ ವಿಚಾರಿಸಿದರು. ಇನ್ನೊಬ್ಬರು ದೊಡ್ಡಮ್ಮನ ಚಿತ್ರದ ಪಕ್ಕದಲ್ಲಿ ನಿಂತು, ಅವಳಷ್ಟೇ ಅಗಲವಾಗಿ ನಕ್ಕು ಫೋಟೊ ತೆಗೆಸಿಕೊಂಡರು. ಬಾಗಿಲ ಬಳಿ ಬಂಧುಗಳು ಸಾವಿನ ಖರ್ಚಿಗೆಂದು ಹಣದ ಬಿಳಿ ಲಕೋಟೆ ಹಾಕುವ ಪೆಟ್ಟಿಗೆಯನ್ನು ಸಲಹಾ ಪೆಟ್ಟಿಗೆಯೆಂದು ತಿಳಿದ ಮಹನೀಯರೊಬ್ಬರು 'ಗಾಯನ ತುಸು ಉದ್ದವಾಯಿತು, ಉಪ್ಪು ಸರಿಯಾಗಿದೆ' ಎಂಬ ಚೀಟಿಯನ್ನು ಮಡಿಸಿ ಹಾಕಿದ್ದರು. ಅದನ್ನು ನಾನು ವಿಹಾರದ ದೊಡ್ಡ ಗುರುಗಳಿಗೆ ತೋರಿಸಿದೆ. ಎಂಬತ್ತರ ಗುರುಗಳು ಕನ್ನಡಕ ಏರಿಸಿ ಓದಿ, 'ಉದ್ದ ಆಗ್ತದೆ, ನಿಜ. ನಂಗೂ ಕಾಲು ಜೋಮು ಹಿಡೀತದೆ. ಬರ್ಲಿ ಬಿಡಮ್ಮ ಉರೈ, ನಮ್ಮೋರು ಮಂತ್ರ ಹೇಳೋವಾಗ ತಲೆ ಬಗ್ಗಿಸ್ಕೊಂಡು ಫೋನ್ ನೋಡ್ತಾರೆ, ಇವ್ರಾದ್ರೂ ಫೋನನ್ನ ನಮ್ ಕಡೆ ತಿರುಗಿಸಿರ್ತಾರೆ' ಎಂದರು.

ನಾಲ್ಕನೆಯ ಸಂಜೆ ಬಂದವರನ್ನು ಎಣಿಸುವುದನ್ನು ನಾನು ಬಿಟ್ಟೆ. ಉತ್ತರಕ್ಕೆ ಹೋಗುವ ಬಸ್ಸೊಂದು ತಮ್ಮ ಆ್ಯಪ್ ನೋಡಿಕೊಂಡು, ಊಟಕ್ಕೆಂದು ವಿಹಾರದ ಮುಂದೆಯೇ ನಿಂತಿತು. ಊರಿನವರು ಕುರ್ಚಿ ಬಿಟ್ಟುಕೊಟ್ಟು ನಿಂತರು, ಆಮೇಲೆ ನಿಲ್ಲಲೂ ಜಾಗವಿಲ್ಲದೆ ಮೆಟ್ಟಿಲ ಮೇಲೆ ಕುಳಿತರು. ಮಂತ್ರ ಮುಗಿಯುವ ಮೊದಲೇ ಸೌಟು ಹಂಡೆಯ ತಳಕ್ಕೆ ತಾಗಿದ ಸದ್ದು ನನಗೆ ಕೇಳಿಸಿತು. ಸಂಫಾವ್ ಅಕ್ಕನಿಗೂ ಕೇಳಿಸಿತು. ಅವಳು ನನ್ನ ಮುಖ ನೋಡಲಿಲ್ಲ, ಬರಿಗಾಲಲ್ಲೇ ಓಡಿ ದೋಣಿ ಹತ್ತಿದಳು. ತೆಪ್ಪದಿಂದ ತೆಪ್ಪಕ್ಕೆ ಹುಟ್ಟು ಹಾಕುತ್ತಾ ಅವಳು ಕೂಗಿದ್ದು ದಂಡೆಯವರೆಗೂ ಕೇಳುತ್ತಿತ್ತು: 'ಏ, ನಿಮ್ಮನೆ ರಾತ್ರಿ ಊಟ ಈಚೆ ಕೊಡ್ರೇ! ಆಮೇಲೆ ಬೈಕೊಳ್ಳಿ, ಮೊದ್ಲು ಪಾತ್ರೆ ಕೊಡ್ರಿ! ಚಮೊಯ್ ಅಕ್ಕನ ಹಂಡೆ ತಳ ಕಂಡಿದೆ!' ಯಾರೂ ಏಕೆಂದು ಕೇಳಲಿಲ್ಲ. ಒಬ್ಬರ ಮನೆಯ ಮೀನಿನ ಹುಳಿ, ಇನ್ನೊಬ್ಬರ ಮನೆಯ ಮೊಟ್ಟೆ, ಮಕ್ಕಳಿಗೆಂದು ಎತ್ತಿಟ್ಟಿದ್ದ ನೂಡಲ್ಸ್, ಮೂರು ಪಾತ್ರೆ ಅನ್ನ, ಎಲ್ಲವೂ ದೋಣಿಯಲ್ಲಿ ಬಂದವು. ಆ ರಾತ್ರಿ ಅರವತ್ತು ತೆಪ್ಪಗಳ ಜನ ಬಿಸ್ಕತ್ತು ತಿಂದು ಮಲಗಿದರು, ತಮ್ಮ ಬಳಕೆದಾರರು ಮಾತ್ರ ಯಾರೂ ಉಪವಾಸ ಹೋಗಲಿಲ್ಲ. ಹಾಗೆಂದು ನಾನು ಅಂದು ತಿಳಿದುಕೊಂಡಿದ್ದೆ.

ಐದನೆಯ ಸಂಜೆ ಎರಡು ಹಂಡೆ ಇಟ್ಟೆವು. ಆರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ದೊಡ್ಡಮ್ಮನನ್ನು ಬೆಂಕಿಗೆ ಕೊಟ್ಟೆವು. ಗಂಧದ ಮರದ ತೆಳು ಚಕ್ಕೆಯಿಂದ ಮಾಡಿದ ಚಿಕ್ಕ ಹೂವನ್ನು ಎಲ್ಲರ ಕೈಗೂ ಕೊಡಲಾಗುತ್ತದೆ, ಅದನ್ನು ಪೆಟ್ಟಿಗೆಯ ಬಳಿ ಇಟ್ಟು ಸತ್ತವರಿಗೆ ಹೋಗಿ ಬಾ ಎನ್ನುವುದು ಕ್ರಮ. ತಮ್ಮ ಬಳಕೆದಾರರಲ್ಲಿ ಒಬ್ಬ ತರುಣಿ ಅದನ್ನು ಸ್ವಾಗತದ ಹೂವೆಂದು ತಿಳಿದು ಕಿವಿಯ ಹಿಂದೆ ಮುಡಿದುಕೊಂಡಳು. ಸಂಫಾವ್ ಅಕ್ಕ ಹತ್ತಿರ ಹೋಗಿ, ಅವಳ ಕಿವಿಯಿಂದ ಹೂ ತೆಗೆದು, ಅವಳದೇ ಕೈಯಲ್ಲಿಟ್ಟು, ಮಣಿಕಟ್ಟು ಹಿಡಿದು ಮೆಟ್ಟಿಲು ಹತ್ತಿಸಿ ಪೆಟ್ಟಿಗೆಯವರೆಗೂ ಕರೆದೊಯ್ದಳು. ಆಗ ಆ ತರುಣಿಗೆ ತಾನೆಲ್ಲಿದ್ದೇನೆಂದು ಅರ್ಥವಾಯಿತು. ಅವಳು ಅತ್ತಷ್ಟು ಜೋರಾಗಿ ಅಂದು ನಾನೂ ಅಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ತಾವು 'ಪ್ರತಿದಿನ' ಎಂದು ಬರೆದಿದ್ದಿರಿ. ಏಳನೆಯ ಸಂಜೆ, ಕಸ ಗುಡಿಸಿ ಬೀಗದ ಕೈ ಕೊಡೋಣವೆಂದು ಮಂಟಪಕ್ಕೆ ಹೋದರೆ, ಹನ್ನೆರಡು ಮಂದಿ ಖಾಲಿ ವೇದಿಕೆಯ ಎದುರು ಕುರ್ಚಿ ಹಾಕಿಕೊಂಡು, ಕೈ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ಕಾಯುತ್ತಿದ್ದರು. ಸತ್ತವರೂ ಇಲ್ಲ, ಭಿಕ್ಷುಗಳೂ ಇಲ್ಲ, ಫ್ಯಾನುಗಳು ಶಾಲೆಗೆ ಹೋಗಿದ್ದವು. ನಾನೇನು ಮಾಡಲಿ ಹೇಳಿ? ಒಲೆ ಹಚ್ಚಿದೆ. ಮರುದಿನ ಸಂಫಾವ್ ಅಕ್ಕ ಹಚ್ಚಿದಳು. ಹೀಗೆ ಒಂದು ತಿಂಗಳು ನಡೆಯಿತು. ಮಾರುಕಟ್ಟೆಯ ಜನ ಕಂಡಲ್ಲೆಲ್ಲ ತಮಾಷೆ ಮಾಡತೊಡಗಿದರು. 'ಏನ್ ಉರೈ, ಇವತ್ತೂ ನಿಮ್ ದೊಡ್ಡಮ್ಮ ಸತ್ತಿದಾಳಾ?' ಎಂದು ಮೀನಿನವಳು ಕೇಳಿದರೆ, ಪಕ್ಕದ ತರಕಾರಿಯವಳು 'ಪ್ರತಿದಿನ ಸಾಯ್ತಾಳಂತೆ, ಫೋನಲ್ಲೇ ಬಂದಿದೆ' ಎನ್ನುತ್ತಿದ್ದಳು. ನಗುವಾಗ ನಾನೂ ನಕ್ಕೆ, ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ಬರಲಿಲ್ಲ.

ಈ ನಡುವೆ ತಮ್ಮ ಪಟ್ಟಿಯಲ್ಲಿ ದೊಡ್ಡಮ್ಮನ ಕೀರ್ತಿ ಬೆಳೆಯುತ್ತಲೇ ಇತ್ತು. ಇನ್ನೂರ ಹನ್ನೆರಡು ಜನ ಅಭಿಪ್ರಾಯ ಬರೆದಿದ್ದಾರೆ. ಅವನ್ನೆಲ್ಲ ಆ್ಯಪ್‌ನವರೇ ನಮ್ಮ ಭಾಷೆಗೆ ತಿರುಗಿಸಿ ಕೊಡುವುದರಿಂದ ಒಂದೊಂದನ್ನೂ ಓದಿದ್ದೇನೆ. 'ಇಂಥ ಗಂಜಿ ಎಲ್ಲೂ ಕುಡಿದಿಲ್ಲ.' 'ಬೆಳ್ಳುಳ್ಳಿ ಹುರಿದ ಹದ ನೋಡಿ ಅಮ್ಮನ ನೆನಪಾಯಿತು.' 'ಇದನ್ನು ಮಾಡಿದ ಕೈಗೆ ನಮಸ್ಕಾರ.' ಮೊದಲು ಸಿಟ್ಟು ಬಂತು, ನಾಚಿಕೆಗೆಟ್ಟವರು, ಸಾವಿನ ಗಂಜಿಯನ್ನು ಹೊಗಳುತ್ತಾರಲ್ಲ ಎಂದು. ಆಮೇಲೆ ಒಂದು ಮಾತು ಹೊಳೆದು ಕೈಯಲ್ಲಿದ್ದ ಫೋನು ಕೆಳಗಿಟ್ಟೆ. ನಲವತ್ತೊಂದು ವರ್ಷ ಊರಿಗೆ ಊರೇ ಅವಳ ಗಂಜಿ ಕುಡಿದಿದೆ, ಚೆನ್ನಾಗಿದೆ ಎಂದು ಒಬ್ಬರೂ ಅವಳಿಗೆ ಹೇಳಿಲ್ಲ. ಹೇಳಬಾರದು ಅಂದವಳು ಅವಳೇ, ನಿಜ. ಆದರೂ ಯಾರಾದರೂ ಒಮ್ಮೆ ಕಟ್ಟಳೆ ಮುರಿದು ಹೇಳಿಬಿಡಬಹುದಿತ್ತು, ಒಂದು ಸೌಟಿನ ಏಟು ತಿಂದರೆ ಏನಾಗುತ್ತಿತ್ತು? ನಾವು ಹೇಳದ್ದನ್ನು, ಅವಳು ಯಾರೆಂದೇ ತಿಳಿಯದವರು ಹೇಳಿದರು. ಆದ್ದರಿಂದ ಆನೆ ಪಾಯಿಜಾಮಗಳನ್ನೂ, ಸಲಹಾ ಚೀಟಿಯನ್ನೂ, ಕಿವಿಯ ಹೂವನ್ನೂ ನಾನು ಮನಸಾರೆ ಮನ್ನಿಸಿದ್ದೇನೆಂದು ಈ ಮೂಲಕ ದಾಖಲಿಸುತ್ತೇನೆ.

ಮನ್ನಿಸಲಾಗದಿರುವುದು ಇನ್ನೂರ ಒಂಬತ್ತನೆಯ ಅಭಿಪ್ರಾಯ. ಅದಕ್ಕೆ ಒಂದೇ ಸ್ಟಾರ್. ನಾಲ್ಕನೆಯ ಸಂಜೆಯ ಭೇಟಿಯ ಬಗ್ಗೆ ಆತ ನಿಧಾನವಾಗಿ, ಮೂರು ವಾರ ಬಿಟ್ಟು ಬರೆದಿದ್ದಾನೆ: 'ತುಂಬಾ ದೂರದಿಂದ ನಡೆದು ಹೋಗಿದ್ದೆ. ಏನೂ ಉಳಿದಿರಲಿಲ್ಲ.' ಕೆಳಗೊಂದು ಚಿತ್ರವಿದೆ. ಚಿತ್ರದಲ್ಲಿ ದೊಡ್ಡಮ್ಮನ ಹಂಡೆ ಬೋರಲು ಬಿದ್ದಿದೆ, ಅದರ ಮೇಲೆ ನೀರು ಸುರಿಯುತ್ತಿರುವ ಒಂದು ಕೈ ಕಾಣುತ್ತದೆ. ಆ ಕೈಯಲ್ಲಿ ಹಸಿರು ಪಟ್ಟಿಯ ಗಡಿಯಾರವಿದೆ. ಆ ಗಡಿಯಾರ ನಾನು ನಿವೃತ್ತಳಾದ ದಿನ ಕಚೇರಿಯವರು ಕೊಟ್ಟದ್ದು.

ಹೌದು ಮಾನ್ಯರೇ, ಕೈ ನನ್ನದೇ. ಸಂಫಾವ್ ಅಕ್ಕ ದೋಣಿ ಹತ್ತಿದ ಮೇಲೆ ಅವಳು ಹಿಂತಿರುಗುವ ತನಕ ಹತ್ತು ನಿಮಿಷ ನಾನೊಬ್ಬಳೇ ಇದ್ದೆ. ತಳ ಹತ್ತಿದ ಹಂಡೆಯನ್ನು ತೊಳೆದು ಹೊಸ ಅಕ್ಕಿ ಹಾಕೋಣವೆಂಬ ಗಾಬರಿಯಲ್ಲಿ, ಯಾವುದನ್ನು ಮಾಡಬಾರದೆಂದು ಹರೆಯದಿಂದಲೂ ಕೇಳಿದ್ದೆನೋ ಅದನ್ನೇ ಮಾಡಿದೆ. ಹೆಣ ಇನ್ನೂ ಮಂಟಪದಲ್ಲಿರುವಾಗ ಹಂಡೆ ಬೋರಲು ಹಾಕಿದೆ. ಹಿಂದೆ ಯಾರೋ ಬಂದು ನಿಂತದ್ದು, ನೋಡಿದ್ದು, ಹೋದದ್ದು ನನಗೆ ತಿಳಿಯಲೇ ಇಲ್ಲ. ತಿರುಗಿ ನೋಡಿದ್ದರೆ ನನ್ನ ಬಾಯಿಂದ ತಾನಾಗಿಯೇ 'ಉಂಡ್ಯಾ?' ಎಂಬ ಮಾತು ಬರುತ್ತಿತ್ತು, ಹತ್ತು ನಿಮಿಷ ಕೂರಿಸಿಕೊಂಡಿದ್ದರೆ ಮೀನಿನ ಹುಳಿ ಬರುತ್ತಿತ್ತು. ಚಮೊಯ್ ದೊಡ್ಡಮ್ಮನ ಹಂಡೆಯ ಮುಂದಿನಿಂದ ಇಷ್ಟು ವರ್ಷಗಳಲ್ಲಿ ಹಸಿದು ಹೋದವನು ಒಬ್ಬನೇ, ಅವನು ಹೋದದ್ದು ಅವಳದೇ ಸಾವಿನಿಂದ, ಕಳಿಸಿದವಳು ನಾನು. ಇದನ್ನು ಊರಿನಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಫಲಕದಲ್ಲೇ ಓದಿಕೊಳ್ಳಲಿ. ತಮಗೆ ಹೇಳುತ್ತಿದ್ದೇನೆ, ಏಕೆಂದರೆ ತಾವಿದನ್ನು ಓದುವ ಸಂಭವ ಕಡಿಮೆ.

ಆತನ ವಿಳಾಸ ಕೊಡಿ, ಇಲ್ಲವಾದರೆ ಆ ಚಿತ್ರವನ್ನಾದರೂ ತೆಗೆಯಿರಿ ಎಂದು ನಾನು ನಗುಮುಖದ ಗುಂಡಿಯ ಮೂಲಕ ಕೋರಿದ್ದೆ. ತಮ್ಮ ಯಂತ್ರ ಕೂಡಲೇ ಉತ್ತರಿಸಿತು, ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷದಲ್ಲಿ ನಾನು ಅಂಥ ಶೀಘ್ರತೆ ಕಂಡಿರಲಿಲ್ಲ. ಬಳಕೆದಾರರ ವಿಳಾಸ ಗೋಪ್ಯವಂತೆ. ಚಿತ್ರ ತೆಗೆಸಬೇಕಾದರೆ ಜಾಗದ ಮಾಲೀಕರೇ ಕ್ಯಾಮೆರಾದ ಮುಂದೆ ಬಂದು, ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಒಂದು ಸಲ ಕಣ್ಣು ಮಿಟುಕಿಸಬೇಕಂತೆ. ನಾನು ದೊಡ್ಡಮ್ಮನ ಚಿತ್ರಪಟವನ್ನು ಕ್ಯಾಮೆರಾಕ್ಕೆ ಹಿಡಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. 'ತುಂಬಾ ಚೆನ್ನಾಗಿದೆ! ಈಗ ಕಣ್ಣು ಮಿಟುಕಿಸಿ' ಎಂದಿತು. ಸ್ವಲ್ಪ ಹೊತ್ತು ಕಾದು, 'ಇನ್ನೂ ಬೆಳಕಿರುವ ಕಡೆ ಬಂದು ಪ್ರಯತ್ನಿಸಿ' ಎಂದು ಹುರಿದುಂಬಿಸಿತು. ಅವಳು ಹೋಗಿರುವ ಕಡೆ ಬೆಳಕು ಹೇಗಿದೆಯೋ ನನಗೆ ಮಾಹಿತಿಯಿಲ್ಲ. ಕೊನೆಗೆ ಮರಣ ಪ್ರಮಾಣಪತ್ರವನ್ನು ಮೂರು ಮೊಹರುಗಳ ಸಹಿತ ಕಳಿಸಿದೆ. 'ಅಭಿನಂದನೆಗಳು! ತಮ್ಮ ದಾಖಲೆ ಸ್ವೀಕೃತವಾಗಿದೆ. ಮಾಲೀಕರಿಗೂ ಈ ಮಾಹಿತಿ ತಲುಪಿಸಲಾಗಿದೆ' ಎಂದು ಉತ್ತರ ಬಂತು. ಮರುದಿನ ಬೆಳಿಗ್ಗೆ ಹೂವುಗಳ ನಡುವೆ ನಗುತ್ತಿರುವ ದೊಡ್ಡಮ್ಮನ ಮುಖದ ಕೆಳಗೆ, ಕೆಂಪು ಅಕ್ಷರಗಳಲ್ಲಿ 'ಶಾಶ್ವತವಾಗಿ ಮುಚ್ಚಿದೆ' ಎಂದು ಬರೆದಿತ್ತು.

ತಮ್ಮ ಪಟ್ಟಿಯಲ್ಲಿ ನಾನು ಓದಿದ ಮೊದಲ ನಿಖರ ಮಾಹಿತಿ ಅದೇ ಆದ್ದರಿಂದ ಅದನ್ನು ತೆಗೆಯಿರೆಂದು ಒತ್ತಾಯಿಸುವುದಿಲ್ಲ. ಅದರಿಂದ ಸಂಜೆಯ ಅತಿಥಿಗಳೂ ಕಡಿಮೆಯಾಗಿದ್ದಾರೆ, ಈಗ ಬರುವವರು ಓದಲು ಸೋಮಾರಿತನವಿರುವ ಒಬ್ಬಿಬ್ಬರು ಮಾತ್ರ. ಆದರೂ ಮುಂದಿನ ದಿನಗಳಿಗಾಗಿ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಯಾವ ಊರಿನ ಪುಕ್ಕಟೆ ಊಟವನ್ನಾದರೂ ಪಟ್ಟಿಗೆ ಸೇರಿಸುವ ಮೊದಲು ಸತ್ತವರು ಯಾರೆಂದು ಒಮ್ಮೆ ವಿಚಾರಿಸಬೇಕು. ಎಷ್ಟು ಮಂದಿ ಬರುತ್ತಾರೆಂದು ಒಂದು ವಾರ ಮೊದಲು ತಿಳಿಸಿದರೆ, ನಮ್ಮ ಊರಿನ ಹಿರಿಯರನ್ನು ಒಪ್ಪಿಸಿ ಸಾವುಗಳನ್ನು ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಿಸಲು ಪ್ರಯತ್ನಿಸುತ್ತೇವೆ. ಆನೆ ಪಾಯಿಜಾಮ ಅನಿವಾರ್ಯವೆಂದಾದರೆ, ಕಪ್ಪು ಬಟ್ಟೆಯ ಮೇಲೆ ದುಃಖಿಸುತ್ತಿರುವ ಆನೆಗಳನ್ನು ಮುದ್ರಿಸಲು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ನನಗೀಗ ಅರವತ್ತಮೂರು, ರಕ್ತದೊತ್ತಡ ಸ್ವಲ್ಪ ಇದೆ. ನನ್ನನ್ನೂ ಪಟ್ಟಿಗೆ ಸೇರಿಸುವ ಆಲೋಚನೆಯಿದ್ದರೆ ಕಣ್ಣು ಮಿಟುಕಿಸುವ ಕೆಲಸವನ್ನು ಈಗಲೇ ಮುಗಿಸಿಕೊಡುತ್ತೇನೆ.

ಇನ್ನು ಕೊನೆಯ ಮಾತು. ಮುಂದಿನ ತಿಂಗಳ ಎಂಟರಂದು ದೊಡ್ಡಮ್ಮ ಹೋಗಿ ನೂರು ದಿನ ತುಂಬುತ್ತದೆ. ಅಂದು ಅವಳ ಹೆಸರಿನಲ್ಲಿ ಪುಣ್ಯಕಾರ್ಯ, ಅದೇ ಮಂಟಪ, ಅದೇ ಹಂಡೆ. ತಾವೂ, ತಮ್ಮ ಯಂತ್ರವೂ, ಆ ಒಂದು ಸ್ಟಾರಿನ ಮಹಾಶಯನೂ ಬಂದು ಊಟ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಸೌಟು ನನ್ನ ಕೈಯಲ್ಲಿರುತ್ತದೆ, ಗಂಜಿಯನ್ನು ಮಾತ್ರ ದಯವಿಟ್ಟು ಯಾರೂ ಹೊಗಳಬೇಡಿ.

ಸ್ಟಾರುಗಳ ಆಸೆಯಿಲ್ಲದ, ಇನ್ನೂ ಮುಚ್ಚಿರದ,
ತಮ್ಮ ವಿಶ್ವಾಸಿ,
ಉರೈವನ್

ಮರೆತ ಮಾತು: ವಾರಪತ್ರಿಕೆಯ ಪ್ರತಿಯನ್ನು ಲಕೋಟೆಗೆ ಹಾಕುವ ಮೊದಲು ಇನ್ನೊಂದು ಸಂಗತಿ ನಡೆಯಿತು. ಆತನ ಅಭಿಪ್ರಾಯದ ಕೆಳಗೆ 'ಉತ್ತರಿಸಿ' ಎಂಬ ಚೌಕವೊಂದಿತ್ತು. ಅದರಲ್ಲಿ, ದೊಡ್ಡಮ್ಮ ಇದ್ದಿದ್ದರೆ ಏನು ಕೇಳುತ್ತಿದ್ದಳೋ ಅಷ್ಟನ್ನೇ ಬರೆದೆ: 'ಉಂಡ್ಯಾ?' ತಮ್ಮ ಯಂತ್ರ ಅದನ್ನು ಪರಿಶೀಲಿಸಿ, 'ತಮ್ಮ ಉತ್ತರ ಅಭಿಪ್ರಾಯಕ್ಕೆ ಸಂಬಂಧಿಸಿದಂತೆ ಕಾಣುತ್ತಿಲ್ಲ' ಎಂದು ಎಚ್ಚರಿಸಿತು. ನಾನು ಹಾಗೆಯೇ ಕಳಿಸಿದೆ. ಮೂರನೆಯ ದಿನ ಆತನಿಂದ ಉತ್ತರ ಬಂತು: 'ಇನ್ನೂ ಇಲ್ಲ.' ಎಂಟರಂದು ಸಂಜೆಯ ರೈಲಿಗೆ ಬರುತ್ತಿದ್ದಾನೆ, ನಿಲ್ದಾಣಕ್ಕೆ ಸಂಫಾವ್ ಅಕ್ಕ ಹೋಗುತ್ತಾಳೆ. ಸಾವಿನ ಊಟಕ್ಕೆ ಬರಬೇಡಿ ಎಂದು ಯಾರಿಗಾದರೂ ಹೇಳಿದ ಉದಾಹರಣೆ ನಮ್ಮ ಊರಿನಲ್ಲಿ ಇದುವರೆಗೆ ಇಲ್ಲ. ಆದರೂ ಮೇಲಿನ ಆಮಂತ್ರಣದಲ್ಲಿ ಈ ಸಣ್ಣ ತಿದ್ದುಪಡಿಯನ್ನು ಮಾಡುತ್ತಿದ್ದೇನೆ, ಕ್ಷಮಿಸಿ: ತಾವು ಬರಬೇಕಾಗಿಲ್ಲ.